ಸಹಾಯ ಬೇಕು: ಹೊಸ ಬಂದೂಕಿನ ಅಂಗಡಿ, ಉಳಿದ ಬಂಡವಾಳ ಎಲ್ಲಿ ಹಾಕೋದು?

ಲೈಸೆನ್ಸ್ ಕೆಲಸ ಮುಗಿದಿದೆ, ಸ್ಟಾಕ್ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೀವಿ. ಹೊಸ ಬಂದೂಕಲ್ಲಿ ಲಾಭ ಕಮ್ಮಿ. ಗಿರಾಕಿ ಮತ್ತೆ ಮತ್ತೆ ಬರೋದು ತೋಟಾ, ಕ್ಲೀನಿಂಗ್ ಸಾಮಾನಿಗೆ. ಅದಕ್ಕೇ .22, .32, 12 ಬೋರ್ ತೋಟಾ ಖಾಲಿಯಾಗದ ಹಾಗೆ ಲೆಕ್ಕ ಹಾಕಿದ್ದೀವಿ. ಬ್ರಷ್ಷೂ ಆಯಾ ಬೋರಿನ (ನಳಿಗೆಯ ಒಳಗಲದ) ಅಳತೆಯದೇ. ಸಡಿಲ ಬ್ರಷ್ಷಿಗೆ ನಳಿಗೆಯ ಮಸಿ ಬಿಡಲ್ಲ.

ಕೇಳಿದವರೆಲ್ಲ "ಎಲ್ಲಾ ಮಾಡೆಲ್ ಇಡಿ" ಅಂತಾರೆ. ಕೊಳ್ಳೋವಾಗ ನೋಡೋದು ಬೆಲೆ ಮಾತ್ರ!

ಗೊಂದಲ ಇಲ್ಲಿದೆ: ಉಳಿದ ದುಡ್ಡು ಶೋಕೇಸಿಗಾ, ರಿಪೇರಿ ಬೆಂಚಿಗಾ? ಬಂದೂಕಿಗೆ ಸ್ಕೋಪ್ (ಗುರಿ ನೋಡೋ ದುರ್ಬೀನು) ಕೂರಿಸೋಕೇ ಟಾರ್ಕ್ ವ್ರೆಂಚ್ (ಎಷ್ಟು ಬೇಕೋ ಅಷ್ಟೇ ಬಿಗಿ ಮಾಡೋ ಸ್ಪ್ಯಾನರ್) ಬೇಕು. ಸ್ಕೋಪ್ ಹಿಡಿದಿಡೋ ರಿಂಗಿನ ಸ್ಕ್ರೂ ಸಡಿಲ ಇದ್ದರೆ ಒದೆತಕ್ಕೆ ಸ್ಕೋಪ್ ಜಾರುತ್ತೆ, ಅತಿ ಬಿಗಿಯಾದರೆ ಟ್ಯೂಬ್ ನೆಗ್ಗುತ್ತೆ. ನುರಿತ ಮೆಕ್ಯಾನಿಕ್ ಸಂಬಳ ಬೇರೆ.

ಬಂದೂಕಿನ ಲೈಸೆನ್ಸ್ ಇರೋರು ಹೇಳಿ, ಒಂದು ಅಂಗಡಿಗೆ ಎರಡನೇ ಸಲ ಹೋಗೋದು ಹೆಚ್ಚು ಮಾಡೆಲ್ ಇದೆ ಅಂತಲೋ, ರಿಪೇರಿ ಅಲ್ಲೇ ಆಗುತ್ತೆ ಅಂತಲೋ?