ಗವಳಿಗರು ತರುವ ಬಿಡಿ ಹಾಲನ್ನು ಪರೀಕ್ಷೆ ಮಾಡಿಸುವುದು ಹೇಗೆ?

ಪ್ರಶ್ನೆ – ಶಹಾಪುರದ ನಿವಾಸಿ, ಬೆಳಗಾವಿ

ನಮ್ಮ ಮನೆಗೆ ಒಂಬತ್ತು ವರ್ಷಗಳಿಂದ ಒಬ್ಬರೇ ಗವಳಿಗರು ಎಮ್ಮೆಯ ಹಾಲು ಹಾಕುತ್ತಿದ್ದಾರೆ. ಎರಡು ತಿಂಗಳಿಂದ ಕಾಯಿಸಿದ ಹಾಲಿನ ಮೇಲೆ ಕೆನೆ ತೆಳುವಾಗಿ ಕಟ್ಟುತ್ತಿದೆ, ಹೆಪ್ಪು ಹಾಕಿದರೆ ಮೊಸರು ನೀರು ಬಿಡುತ್ತಿದೆ. ಪೇಟೆಯಿಂದ, ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ತಂದು ಅದ್ದಿ ನೋಡಿದರೆ ಅದು 30 ತೋರಿಸುತ್ತದೆ. ಇದನ್ನು ನೋಡಬೇಕಾದವರು ಮಹಾನಗರ ಪಾಲಿಕೆಯವರೋ ಆರೋಗ್ಯ ಇಲಾಖೆಯವರೋ? ಮನೆಯಿಂದ ಬಾಟಲಿಯಲ್ಲಿ ತುಂಬಿಕೊಂಡು ಹೋದ ಹಾಲನ್ನು ಪರೀಕ್ಷಿಸಿ ವರದಿ ಕೊಡುತ್ತಾರೆಯೇ? ಅವರ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸು ನನಗಿಲ್ಲ, ಆದರೆ ಇದೇ ಹಾಲನ್ನು ಎರಡು ವರ್ಷದ ಮೊಮ್ಮಗಳು ಕುಡಿಯುತ್ತಾಳೆ.

ಉತ್ತರ – ನಿವೃತ್ತ ಆಹಾರ ನಿರೀಕ್ಷಕ

ಮಾನ್ಯರೇ, 1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಊರಿನ ಸ್ಥಳೀಯ ಸಂಸ್ಥೆಗಳ ನಿರೀಕ್ಷಕರೂ ಹಾಲಿನ ಕ್ಯಾನು ತೆರೆಸಿ ನೋಡುತ್ತಿದ್ದರು. ಆ ನೆನಪಿನಿಂದ ಜನ ಇಂದಿಗೂ ಪಾಲಿಕೆಯ ಬಾಗಿಲಿಗೆ ಹೋಗುತ್ತಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 2011ರ ಆಗಸ್ಟ್ 5ರಿಂದ ಜಾರಿಗೆ ಬಂದ ಮೇಲೆ ಈ ಕೆಲಸ ಜಿಲ್ಲೆಯ ಅಂಕಿತ ಅಧಿಕಾರಿ (ಈ ಕಾಯ್ದೆಯಡಿ ನೇಮಕವಾದ ಮುಖ್ಯ ಅಧಿಕಾರಿ) ಮತ್ತು ಅವರ ಕೈಕೆಳಗಿನ ಆಹಾರ ಸುರಕ್ಷತಾ ಅಧಿಕಾರಿಗಳದ್ದು. ದೂರು ಕೊಡುವುದಿದ್ದರೆ ಅಲ್ಲಿಗೇ ಕೊಡಿ. ಅಳತೆಯಲ್ಲಿ ಕಡಿಮೆ ಬೀಳುತ್ತಿದ್ದರೆ ಮಾತ್ರ ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ವಿಷಯ.

ನಿಮ್ಮ ಎರಡನೆಯ ಪ್ರಶ್ನೆಗೆ ಕಾಯ್ದೆಯ 40ನೆಯ ಕಲಮಿನಲ್ಲಿ ಉತ್ತರವಿದೆ. ನಿಗದಿತ ಶುಲ್ಕ ಕಟ್ಟಿದ ಯಾವ ಗ್ರಾಹಕನಾದರೂ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು, ಮತ್ತು ಹಾಲು ಕಾಯ್ದೆಗೆ ವಿರುದ್ಧವಾಗಿದೆ ಎಂದು ವರದಿಯಲ್ಲಿ ಕಂಡುಬಂದರೆ ಆ ಶುಲ್ಕ ಮರಳಿ ಸಿಗುತ್ತದೆ. ಆದರೆ ಬಹಳಷ್ಟು ಜನ ಎಡವುವ ಷರತ್ತೊಂದಿದೆ: ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ಕೊಳ್ಳುವ ಹೊತ್ತಿನಲ್ಲಿಯೇ ಮಾರುವವರಿಗೆ ತಿಳಿಸಿರಬೇಕು. ಹಾಲು ಹಾಕಿಸಿಕೊಂಡು, ಅವರು ಓಣಿ ದಾಟಿದ ಮೇಲೆ ಸದ್ದಿಲ್ಲದೆ ಬಾಟಲಿ ತುಂಬಿದರೆ ಈ ಷರತ್ತು ಪೂರೈಸಿದಂತಾಗುವುದಿಲ್ಲ. ಬೆಳಗಾವಿಯಲ್ಲಿಯೇ ವಿಭಾಗೀಯ ಆಹಾರ ಪ್ರಯೋಗಾಲಯ ಇರುವುದರಿಂದ ನಿಮಗೆ ಓಡಾಟ ಕಡಿಮೆ.

ಅಧಿಕಾರಿಯೇ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ವಿಶ್ಲೇಷಕರಿಗೆ ಕಳಿಸುತ್ತಾರೆ. ಮಾದರಿ ತಲುಪಿದ 14 ದಿನಗಳಲ್ಲಿ ವರದಿ ಬರಬೇಕು. ಹಾಲು ಕೆಡದಂತೆ ಅದಕ್ಕೆ ಫಾರ್ಮಾಲಿನ್ ಹನಿ ಹಾಕುವುದು ರೂಢಿ. ನಮ್ಮ ಕಾಲದಲ್ಲಿ ಅದನ್ನು ನೋಡಿದವರು, ಅಧಿಕಾರಿಗಳೇ ಹಾಲಿಗೆ ವಿಷ ಬೆರೆಸುತ್ತಿದ್ದಾರೆ ಎಂದು ಗುಂಪು ಕಟ್ಟಿದ್ದೂ ಉಂಟು.

ಮೊದಲು ನಿಮ್ಮ ಗವಳಿಗರಲ್ಲಿ ಈ ಕಾಯ್ದೆಯಡಿಯ ನೋಂದಣಿ ಪತ್ರ ಇದೆಯೇ ಎಂದು ಕೇಳಿ. ಹಾಲನ್ನೆಲ್ಲ ಸಹಕಾರ ಸಂಘಕ್ಕೇ ಹಾಕುವ ಸದಸ್ಯ ರೈತರಿಗೆ ವಿನಾಯಿತಿ ಇದೆ; ಬೇರೆಯವರಿಂದ ಕೊಂಡು ಮನೆಮನೆಗೆ ಮಾರುವವರಿಗೆ ಆ ವಿನಾಯಿತಿ ಇಲ್ಲ. ಸಣ್ಣ ವ್ಯಾಪಾರಿಗಳ ನೋಂದಣಿಗೆ ಗೊತ್ತುಪಡಿಸಿದ ಶುಲ್ಕ ವರ್ಷಕ್ಕೆ 100 ರೂಪಾಯಿ.

ಉತ್ತರ – ಹಾಲು ಉತ್ಪಾದಕರ ಸಂಘದ ಪರೀಕ್ಷಕ, ಜಮಖಂಡಿ

ಲ್ಯಾಕ್ಟೋಮೀಟರ್ ಹೇಳಿದ್ದನ್ನು ಒಬ್ಬನೇ ಸಾಕ್ಷಿಯ ಮಾತಿನಂತೆ ಕೇಳಬೇಕು. ಅದು ಅಳೆಯುವುದು ಸಾಂದ್ರತೆಯನ್ನು ಮಾತ್ರ. ನೀರು ಹಾಕಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದರೆ ಅಂಕಿ ಇದ್ದಲ್ಲಿಯೇ ನಿಲ್ಲುತ್ತದೆ. ಆದ್ದರಿಂದಲೇ ಸಂಘಗಳಲ್ಲಿ ಕೊಬ್ಬನ್ನು ಬೇರೆಯಾಗಿ ಅಳೆದು, ಕೊಬ್ಬುರಹಿತ ಘನಾಂಶವನ್ನು ಲೆಕ್ಕ ಹಾಕುತ್ತೇವೆ.

ಇನ್ನೊಂದು ಸಾಧ್ಯತೆಯನ್ನೂ ಯೋಚಿಸಿ. ಬೇಸಿಗೆಯ ಹೊತ್ತಿಗೆ ಬಹಳಷ್ಟು ಎಮ್ಮೆಗಳು ಹಾಲು ಬತ್ತಿಸಿಕೊಳ್ಳುತ್ತವೆ, ವರ್ತನೆ ಮನೆಗಳನ್ನು (ದಿನವೂ ಹಾಲು ಹಾಕುವ ಕಾಯಂ ಮನೆಗಳನ್ನು) ಬಿಡಲಾಗದ ಗವಳಿಗರು ಆಕಳ ಹಾಲನ್ನು ಕೂಡಿಸುತ್ತಾರೆ. ಆಕಳ ಹಾಲಿಗೆ ಗೊತ್ತುಪಡಿಸಿದ ಕನಿಷ್ಠ ಕೊಬ್ಬು ಶೇ. 3.2, ಕೊಬ್ಬುರಹಿತ ಘನಾಂಶ ಶೇ. 8.3, ಎಮ್ಮೆಯದಕ್ಕೆ ಈ ಘನಾಂಶವೇ ಶೇ. 9 ಇರಬೇಕು. ಎಮ್ಮೆಯ ದರ ತೆಗೆದುಕೊಂಡು ಹಾಗೆ ಕೂಡಿಸುವುದು ತಪ್ಪೇ, ಆದರೆ ಮಗುವಿಗೆ ಅದರಿಂದ ಅಪಾಯವಿಲ್ಲ.

ನನಗೆ ಅಂಜಿಕೆ ಹೆಚ್ಚು ಇರುವುದು ಹಿಂಡಿಯ ಬಗ್ಗೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ ತಿಂದ ದನದ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇಳಿಯುತ್ತದೆ, ಅದು ಕಾಯಿಸಿದರೂ ಹೋಗುವುದಿಲ್ಲ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳ ಪೈಕಿ ಅಸುರಕ್ಷಿತ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ. ಶುಲ್ಕ ಕಟ್ಟುವಾಗ ಈ ಪರೀಕ್ಷೆಯೂ ಆಗುತ್ತದೆಯೇ ಎಂದು ಕೇಳಿ ನೋಡಿ.

ಮರುಉತ್ತರ – ಶಹಾಪುರದ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಹಾಲು ಹಾಕಿಸಿಕೊಳ್ಳುವಾಗ ವಿಷಯವನ್ನು ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಎಮ್ಮೆ ಬತ್ತಿವೆ, ಸಂಬಂಧಿಕರ ಮನೆಯ ಆಕಳ ಹಾಲು ಕೂಡಿಸುತ್ತಿರುವುದು ನಿಜ ಎಂದು ಒಪ್ಪಿಕೊಂಡರು. ದರ ಇಳಿಸುವುದಾಗಿಯೂ ಹೇಳಿದ್ದಾರೆ. ನೋಂದಣಿ ಇಲ್ಲವಂತೆ, ಅರ್ಜಿ ತುಂಬಿಕೊಡಲು ನನ್ನ ಮಗ ಒಪ್ಪಿದ್ದಾನೆ. ಹಿಂಡಿಯನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದ್ದಕ್ಕೆ ಮಾತ್ರ ಸರಿಯಾದ ಉತ್ತರ ಬರಲಿಲ್ಲ, ಆದ್ದರಿಂದ ಸೋಮವಾರ ಅವರ ಎದುರಿಗೇ ಬಾಟಲಿ ತುಂಬಿಸಿಕೊಂಡು ಪ್ರಯೋಗಾಲಯಕ್ಕೆ ಹೋಗುತ್ತಿದ್ದೇನೆ.