ನಾಲ್ಕನೇ ಲೆವೆಲ್ಲಿಗೇ ಫ್ಲೇಮ್ ಟಂಗ್ ಕತ್ತಿ, ಕಿತ್ಕೊಳ್ದೇ ಬ್ಯಾಲೆನ್ಸ್ ಮಾಡೋದು ಹೆಂಗೆ?

ದಾಳಪ್ಪ:
ನಮ್ಮ ಗ್ರೂಪಿನ ಡಿಎಮ್ (ಆಟ ನಡೆಸೋರು) ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ್ರು, ಕ್ಯಾಂಪೇನ್ (ಮುಂದುವರೀತಾ ಹೋಗೋ ಆಟದ ಕಥೆ) ಈಗ ನನ್ನ ತಲೆಗೆ ಬಂದಿದೆ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರ ಆಡೋ ಆಟ) ಐದನೇ ಎಡಿಷನ್, 2014ರ ರೂಲ್ಸು, ಎಲ್ರೂ ನಾಲ್ಕನೇ ಲೆವೆಲ್. ಫೈಟರ್ (ಯೋಧನ ಪಾತ್ರ) ಕೈಲಿ ಫ್ಲೇಮ್ ಟಂಗ್ ಗ್ರೇಟ್‌ಸೋರ್ಡ್ ಇದೆ, ಅಂದ್ರೆ ಬೆಂಕಿ ಹತ್ತೋ ಮಾಯಾ ಕತ್ತಿ. ಟ್ರೆಷರ್ ಟೇಬಲ್ಲಲ್ಲಿ (ದಾಳ ಹಾಕಿ ನೋಡೋ ನಿಧಿ ಪಟ್ಟಿ) ಬಿತ್ತಂತೆ, ಹಂಗೇ ಕೊಟ್ಟಿದಾರೆ. ಕತ್ತಿದು 2ಡಿ6 (ಆರು ಮುಖದ ಎರಡು ದಾಳ), ಬೆಂಕಿದು ಇನ್ನೊಂದು 2ಡಿ6, ಮೇಲೆ ಸ್ಟ್ರೆಂತ್ ಬೋನಸ್ 3, ಏಟಿಗೆ ಸರಾಸರಿ 17 ಡ್ಯಾಮೇಜ್ ಬೀಳುತ್ತೆ. 59 ಹಿಟ್ ಪಾಯಿಂಟಿನ (ಪ್ರಾಣಬಲದ ಲೆಕ್ಕ) ಓಗರ್ ರಾಕ್ಷಸನ್ನ ಎದುರಿಗೆ ಬಿಟ್ರೆ ಆಕ್ಷನ್ ಸರ್ಜ್ (ಅದೇ ಸರದೀಲಿ ಇನ್ನೊಂದು ಆಕ್ಷನ್) ಹಾಕಿ ಎರಡೇ ರೌಂಡಲ್ಲಿ ಹೆಚ್ಚುಕಮ್ಮಿ ಮುಗಿಸ್ತಾನೆ, ರೋಗ್ (ಕಳ್ಳನ ಥರದ ಪಾತ್ರ) ಆಡೋ ಹುಡುಗಿ ಫೋನ್ ನೋಡ್ತಾ ಕೂತಿರ್ತಾಳೆ. ಕತ್ತಿ ಕಳ್ಳತನ ಮಾಡ್ಸೋಕೆ ಮನಸಿಲ್ಲ, ಅವನಿಗೆ ಅದು ಅಂದ್ರೆ ಪ್ರಾಣ. ಏನ್ ಮಾಡ್ಲಿ?

ಗುಹೆವಾಸಿ:
ಕಳ್ಳತನ ಬೇಡ್ವೇ ಬೇಡ ಗುರು, ಟೇಬಲ್ಲೇ ಒಡೆದೋಗುತ್ತೆ. ಅದೂ ಅಲ್ದೆ ಅದು ರೇರ್ ಐಟಮ್, ಡಿಎಮ್ ಗೈಡಲ್ಲೇ ರೇರ್ ಅಂದ್ರೆ ಐದನೇ ಲೆವೆಲ್ಲಿಂದ ಅಂತಿದೆ, ನಿಮ್ಮವನಿಗೆ ಒಂದು ಲೆವೆಲ್ ಮುಂಚೆ ಸಿಕ್ಕಿದೆ ಅಷ್ಟೆ. ಮೊದ್ಲು ಕತ್ತಿ ಬಗ್ಗೆ ಬರ್ದಿರೋದನ್ನ ಪೂರ್ತಿ ಓದಿ. ಬೆಂಕಿ ಹತ್ಸೋಕೆ ಬೋನಸ್ ಆಕ್ಷನ್ (ಸರದಿಗೆ ಒಂದೇ ಸಿಗೋ ಚಿಕ್ಕ ಆಕ್ಷನ್) ಬೇಕು, ಕಮಾಂಡ್ ವರ್ಡ್ ಬಾಯಿಬಿಟ್ಟು ಹೇಳ್ಬೇಕು, ಅಂದ್ರೆ ಸದ್ದೇ ಇಲ್ದಂಗೆ ಮಾಡೋ ಸೈಲೆನ್ಸ್ ಸ್ಪೆಲ್ ಒಳಗೆ ಸಿಕ್ಕಾಕೊಂಡ್ರೆ ಹತ್ಸೋಕಾಗಲ್ಲ. ಕೈಯಿಂದ ಬಿದ್ರೆ ಆರೋಗುತ್ತೆ, ಒರೆಗೆ ಹಾಕಿದ್ರೂ ಆರೋಗುತ್ತೆ. ಉರೀತಿದ್ರೆ 40 ಅಡಿ ಪೂರಾ ಬೆಳಕು, ಅದರಾಚೆ ಇನ್ನೂ 40 ಅಡಿ ಮಬ್ಬು ಬೆಳಕು, ಕತ್ತಲೆ ಗುಹೇಲಿ ಅದನ್ನ ಹಿಡ್ಕೊಂಡು ಹೋದ್ರೆ ಜಾತ್ರೆ ತೇರು ಹೋದಂಗೆ, ದೂರದಲ್ಲಿರೋ ಬಿಲ್ಲುಗಾರರಿಗೆಲ್ಲ ಗೊತ್ತಾಗುತ್ತೆ. ಇದ್ಯಾವುದೂ ನೀವು ಸೇರಿಸೋ ರೂಲ್ ಅಲ್ಲ, ಅದಕ್ಕೇ ಪ್ಲೇಯರ್‌ಗೂ ಬೇಜಾರಾಗಲ್ಲ.

ನಿದ್ದೆಗೆಟ್ಟ ಡಿಎಮ್:
ಬೆಂಕಿ ತಾಗದ ಮಾನ್‌ಸ್ಟರ್‌ಗಳನ್ನೇ ತಂದು ಹಾಕು ಅಂತ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ. ಅಪರೂಪಕ್ಕೊಂದ್ಸಲ ಫೈರ್ ಎಲಿಮೆಂಟಲ್ ಓಕೆ, ಪ್ರತೀ ವಾರ ಅದೇ ಆದ್ರೆ ಅದೂ ಒಂಥರಾ ಕಿತ್ಕೊಂಡಂಗೇನೇ. ಒಂದೇ ದೊಡ್ಡ ಓಗರ್ ಬಿಡೋದನ್ನ ನಿಲ್ಸಿ ಸಾಕು. ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್, ಮಾಮೂಲಿ ಕತ್ತಿಗೇ ಸಾಯುತ್ತೆ, ಮೇಲಿನ ಬೆಂಕಿ ಎಲ್ಲಾ ವೇಸ್ಟು. ಎಂಟ್ಹತ್ತು ಗಾಬ್ಲಿನ್‌ಗಳನ್ನ ಚದುರಿಸಿ ನಿಲ್ಸಿ, ಇಬ್ರು ಮಾಳಿಗೆ ಮೇಲೆ ಬಿಲ್ಲು ಹಿಡ್ಕೊಂಡಿರ್ಲಿ, ನಿಮ್ ಫೈಟರ್ ಓಡಾಡೋದ್ರಲ್ಲೇ ಸುಸ್ತಾಗ್ತಾನೆ.

ದಾಳಪ್ಪ:
ಬೆಳಕಿನ ವಿಷಯ ತಲೆಗೇ ಬಂದಿರ್ಲಿಲ್ಲ, ಸೂಪರ್. ಆದ್ರೆ ರೋಗ್ ಕಥೆ?

ಎಲ್ಲಾ_ಒಂದೇ_ಬೀಳುತ್ತೆ:
ಅಸಲಿ ಪ್ರಶ್ನೆ ಅದೇ. ಲೆಕ್ಕ ಹಾಕಿ ನೋಡಿ, ನಾಲ್ಕನೇ ಲೆವೆಲ್ ರೋಗ್ ರೇಪಿಯರ್ ಹಿಡ್ದು ಸ್ನೀಕ್ ಅಟ್ಯಾಕ್ (ಸಂದರ್ಭ ಕೂಡಿ ಬಂದಾಗ ಸೇರೋ ಹೆಚ್ಚಿನ ಡ್ಯಾಮೇಜ್) ಸಿಕ್ಕಿದ್ರೆ ಹೆಚ್ಚುಕಮ್ಮಿ 15 ಹೊಡೀತಾಳೆ, 17ರ ಮುಂದೆ ಅದೇನ್ ಕಮ್ಮಿ ಅಲ್ಲ. ಫೋನ್ ನೋಡ್ತಾ ಕೂತಿದಾಳೆ ಅಂದ್ರೆ ಸ್ನೀಕ್ ಅಟ್ಯಾಕ್ ಸರಿಯಾಗಿ ಸಿಗ್ತಿಲ್ಲ ಅಂತ ನನ್ ಗುಮಾನಿ. ಬಚ್ಚಿಟ್ಕೊಂಡೇ ಇರ್ಬೇಕು ಅಂತೇನಿಲ್ಲ ಮಾರಾಯ್ರೆ, ಅವಳಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಮ್ಮಿ ಬಿದ್ದಿದ್ದನ್ನ ತಗೊಳ್ಳೋದು) ಇಲ್ದಿದ್ರೆ ಆಯ್ತು, ಫೈಟರ್ ಆ ಶತ್ರುವಿನ 5 ಅಡಿ ಒಳಗಿದ್ರೆ ಸಾಕು, ಸಿಗುತ್ತೆ. ತುಂಬಾ ಡಿಎಮ್‌ಗಳು ಇದನ್ನ ಕೊಡದೇ ಸತಾಯಿಸ್ತಾರೆ.
ನಿಜವಾದ ತಲೆನೋವು ಮುಂದಿನ ಲೆವೆಲ್ಲಲ್ಲಿದೆ. ಐದಕ್ಕೆ ಫೈಟರ್‌ಗೆ ಎಕ್ಸ್‌ಟ್ರಾ ಅಟ್ಯಾಕ್ ಬರುತ್ತೆ, ಬೆಂಕಿ ಎರಡೂ ಏಟಿಗೂ ಸೇರುತ್ತೆ, ಎರಡೂ ತಗುಲಿದ್ರೆ 34. ಡ್ಯಾಮೇಜಲ್ಲಿ ರೋಗ್‌ಗೆ ಬರೋದು ಇನ್ನೊಂದು ಡಿ6 ಮಾತ್ರ. ಅಷ್ಟರೊಳಗೆ ಉಳಿದವ್ರಿಗೂ ಏನಾದ್ರೂ ಸಿಗ್ಲಿ, ಆದ್ರೆ ಡ್ಯಾಮೇಜ್ ಐಟಮ್ ಬೇಡ, ಆಮೇಲೆ ಮಾನ್‌ಸ್ಟರ್ ಹಿಟ್ ಪಾಯಿಂಟ್ ಏರಿಸ್ತಾ ಕೂರ್ಬೇಕಾಗುತ್ತೆ. ರೋಗ್‌ಗೆ ಕ್ಲೋಕ್ ಆಫ್ ಎಲ್ವೆನ್‌ಕೈಂಡ್ (ಬಚ್ಚಿಟ್ಕೊಳ್ಳೋಕೆ ನೆರವಾಗೋ ಮಾಯಾ ಮೇಲಂಗಿ) ಕೊಟ್ಟು ನೋಡಿ, ಕತ್ತಿ ಒರೇಲಿರ್ಬೇಕಾದ ಜಾಗಗಳನ್ನ ನೀವೇ ಸೃಷ್ಟಿ ಮಾಡಿ.

ಗುಹೆವಾಸಿ:
ಕ್ಲೋಕ್ ಒಳ್ಳೇ ಐಡಿಯಾ. ಬ್ರೂಮ್ ಆಫ್ ಫ್ಲೈಯಿಂಗ್ (ಹಾರೋ ಪೊರಕೆ) ಮಾತ್ರ ಕೊಡ್ಬೇಡಿ, ಹೆಸರಿಗೆ ಅನ್‌ಕಾಮನ್ (ರೇರ್‌ಗಿಂತ ಕೆಳಗಿನ ದರ್ಜೆ), ಅಟ್ಯೂನ್‌ಮೆಂಟೂ (ಐಟಮ್ ಜೊತೆ ನಂಟು ಬೆಳೆಸ್ಕೊಳ್ಳೋದು) ಬೇಡ, ಇಡೀ ದಿನ ಹಾರ್ತಾರೆ. ಆಮೇಲೆ ಅದರ ಬಗ್ಗೆ ಇನ್ನೊಂದು ಪೋಸ್ಟ್ ಹಾಕ್ತೀರ 😄