ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ಏನನ್ನು ಪರೀಕ್ಷಿಸಬೇಕು?

ಸಕಲೇಶಪುರದವನು, ಹೂಸ್ಟನ್:
ಎಲ್ಲರಿಗೂ ನಮಸ್ಕಾರ. ನಾನು ಗ್ರೀನ್ ಕಾರ್ಡ್ ಪಡೆದು ಹೂಸ್ಟನ್ ಸಮೀಪ ನೆಲೆಸಿದ್ದೇನೆ. ಇಷ್ಟು ದಿನ ರೇಂಜಿನಲ್ಲಿ ಬಾಡಿಗೆಗೆ ಸಿಗುವ ಆಯುಧಗಳಿಂದಲೇ ಗುರಿ ಅಭ್ಯಾಸ ಮಾಡಿದ್ದು ಸಾಕೆನಿಸಿ, ಸುಮಾರು ನಾಲ್ಕಂಗುಲ ನಳಿಗೆಯ .357 ಮ್ಯಾಗ್ನಮ್ ತೋಟಾ ಹಾರಿಸುವ ರಿವಾಲ್ವರ್ ಒಂದನ್ನು ಸ್ವಂತಕ್ಕೆ ಕೊಳ್ಳಬೇಕೆಂದಿದ್ದೇನೆ. ಸ್ಟೇನ್‌ಲೆಸ್ ಸ್ಟೀಲೇ ಆಗಬೇಕೆಂಬ ಹಟಕ್ಕೆ ಕಾರಣ ನಮ್ಮ ತೋಟದ ಮನೆಯಲ್ಲಿದ್ದ ಅಜ್ಜನ ಜೋಡಿನಳಿಗೆ ಕೋವಿ. ಪ್ರತಿ ಮಳೆಗಾಲವೂ ಅದಕ್ಕೆ ತುಕ್ಕು ಹಿಡಿಯುತ್ತಿತ್ತು, ಉಜ್ಜಿ ಎಣ್ಣೆ ಹಚ್ಚುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ರೂಗರ್ ಜಿಪಿ100, ಸ್ಮಿತ್ ಅಂಡ್ ವೆಸ್ಸನ್ 686, ಕೋಲ್ಟ್ ಪೈಥಾನ್ ಈ ಮೂರರಲ್ಲಿ ತಯಾರಿಕೆ ಯಾವುದರದು ಚೆನ್ನಾಗಿದೆ? ಅಂಗಡಿಯಲ್ಲಿ ಅದನ್ನು ಗುರುತಿಸುವುದು ಹೇಗೆ?

ಟೂಲ್‌ರೂಮ್ ನಿವೃತ್ತ:
ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು, ಏಕೆಂದರೆ ನೀವು ಮನೆಗೆ ತರುವುದು ಹೆಸರನ್ನಲ್ಲ, ಆ ಒಂದು ತುಣುಕನ್ನು. ಅಂಗಡಿಯವರ ಅನುಮತಿ ಪಡೆದು, ತೋಟಾ ತುಂಬುವ ತಿರುಗುಭಾಗವಾದ ಸಿಲಿಂಡರ್ ಬರಿದಾಗಿರುವುದನ್ನು ಇಬ್ಬರೂ ಕಣ್ಣಾರೆ ನೋಡಿಕೊಂಡ ಮೇಲೆ, ಬೆಳಕಿಗೆ ಎದುರಾಗಿ ಹಿಡಿದು ಸಿಲಿಂಡರ್‌ಗೂ ನಳಿಗೆಯ ಹಿಂತುದಿಗೂ ನಡುವಿನ ಸಂದನ್ನು ಗಮನಿಸಿ. ಅದು ಸಾಮಾನ್ಯವಾಗಿ 0.004ರಿಂದ 0.008 ಅಂಗುಲದೊಳಗೆ ಇರಬೇಕು. ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಜೇಬಿನಲ್ಲಿದ್ದರೆ ಸಂಕೋಚಪಡದೆ ತೆಗೆಯಿರಿ. ಸಂದು ತೀರಾ ಕಿರಿದಾದರೆ ಹತ್ತಾರು ಸುತ್ತು ಹಾರಿಸಿ ಬಿಸಿಯಾದಾಗ ಮಸಿ ಕಟ್ಟಿ ಸಿಲಿಂಡರ್ ಬಿಗಿಯುತ್ತದೆ. ಅಗಲವಾದರೆ ಅನಿಲವೂ ಸೀಸದ ಚೂರುಗಳೂ ಪಕ್ಕಕ್ಕೆ ಸಿಡಿಯುತ್ತವೆ.

ಆಮೇಲೆ ಸಿಲಿಂಡರ್ ಮೇಲೆ ಬೆರಳನ್ನು ಹಗುರವಾಗಿ ಒತ್ತಿ, ಹಿಂಭಾಗದ ಹ್ಯಾಮರನ್ನು (ತೋಟಾ ಸಿಡಿಯಲು ಬಡಿಯುವ ಭಾಗ) ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಮೊದಲೇ ಸಿಲಿಂಡರ್ ತನ್ನ ಕಚ್ಚಿಗೆ ಬಿದ್ದು ಬೀಗವಾಗಬೇಕು. ಇದನ್ನು ಒಂದು ಕೋಣೆಗಷ್ಟೇ (ಒಂದೊಂದು ತೋಟಾ ಕೂರುವ ರಂಧ್ರ) ನೋಡಿ ಬಿಡಬಾರದು, ಆರಕ್ಕೆ ಆರನ್ನೂ ನೋಡಬೇಕು. ಸಿಲಿಂಡರನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ ನೋಡಿ. ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟು ಆಟವಿದ್ದರೆ ಹೊಸದಾದರೂ ಬೇಡ. ಹಿಂದಿನಿಂದ ನೋಡಿದಾಗ ಮುಂದಿನ ಗುರಿಮೊನೆ ನೆಟ್ಟಗಿರಬೇಕು. ಓರೆಯಾಗಿದ್ದರೆ ನಳಿಗೆಯನ್ನು ತಿರುಪುವಾಗಲೇ ತಪ್ಪಾಗಿದೆ ಎಂದರ್ಥ. ಇನ್ನೊಂದು ಮಾತು: ಮಣಿಕಟ್ಟು ಬೀಸಿ ಸಿಲಿಂಡರನ್ನು ಟಪ್ಪೆಂದು ಮುಚ್ಚಬೇಡಿ. ಸಿನಿಮಾದಲ್ಲಿ ಚೆಂದ ಕಾಣುವ ಆ ಕೆಲಸ ಅದನ್ನು ಹೊತ್ತಿರುವ ತೋಳನ್ನು ಬಾಗಿಸುತ್ತದೆ.

ಸ್ಟೀಲಿನ ವಿಚಾರದಲ್ಲಿಯೂ ಒಂದು ಎಚ್ಚರಿಕೆಯಿದೆ. ಅಡುಗೆಮನೆಯ ಪಾತ್ರೆಯ 18/8 ಸ್ಟೀಲಿನಲ್ಲಿ 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. ಅದಕ್ಕೆ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ. ರಿವಾಲ್ವರಿಗೆ ಬೇಕಾದದ್ದು ಕಾಯಿಸಿ ಗಡಸುಗೊಳಿಸಬಲ್ಲ ಬೇರೆ ಜಾತಿ. ಅದಕ್ಕೆ ಅಯಸ್ಕಾಂತ ಅಂಟುತ್ತದೆ, ಬೆವರು ಹಾಗೇ ಉಳಿದರೆ ತುಕ್ಕಿನ ಚುಕ್ಕೆಗಳೂ ಮೂಡುತ್ತವೆ. ಚರ್ಮದ ಚೀಲ ತೇವ ಹೀರುವುದರಿಂದ ಅದರೊಳಗೇ ತಿಂಗಳುಗಟ್ಟಲೆ ಇಡಬಾರದು. ಎಣ್ಣೆಬಟ್ಟೆಯಿಂದ ನಿಮಗೆ ಪೂರ್ತಿ ಬಿಡುಗಡೆಯಿಲ್ಲ.

ಶನಿವಾರದ ಗುರಿಕಾರ:
ಮೊದಲ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ. 1985ರಲ್ಲಿ ಬಂದ ಜಿಪಿ100ರ ಚೌಕಟ್ಟಿಗೆ ಪಕ್ಕದ ಮುಚ್ಚಳವೇ ಇಲ್ಲ. ಟ್ರಿಗರ್ ಭಾಗ ಇಡಿಯಾಗಿ ಕೆಳಗಿನಿಂದ ಹೊರಬರುವುದರಿಂದ ಚೌಕಟ್ಟು ಗಟ್ಟಿ, ಶುಚಿ ಮಾಡುವುದೂ ಸುಲಭ. ಟ್ರಿಗರ್ ಮಾತ್ರ ಆರಂಭದಲ್ಲಿ ಸ್ವಲ್ಪ ಒರಟು. 686ರ ಟ್ರಿಗರ್ ಅದಕ್ಕಿಂತ ನಯ, ಆದರೆ ಎಡಬದಿಯಲ್ಲಿರುವ ಒಳಬೀಗದ ಕೀಲಿರಂಧ್ರವನ್ನು ಹಲವರು ಮೆಚ್ಚುವುದಿಲ್ಲ. ನನಗೂ ಅದು ಕಣ್ಣಿನಲ್ಲಿ ಬಿದ್ದ ಕಸದಂತೆ. 1955ರ ಪೈಥಾನ್ 2005ರಲ್ಲಿ ನಿಂತು, 2020ರಲ್ಲಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮರಳಿತು. ಹೊಸದರಲ್ಲಿ ಒಳಭಾಗಗಳು ಕಡಿಮೆ, ಚೌಕಟ್ಟಿನ ಮೇಲ್ಪಟ್ಟಿ ಹೆಚ್ಚು ದಪ್ಪ. ಆದರೆ ಬಿಡುಗಡೆಯಾದಾಗಲೇ ಅದರ ಬೆಲೆ 1,499 ಡಾಲರ್ ಇತ್ತು. ನಾನಾದರೆ ಜಿಪಿ100 ಕೊಂಡು ಉಳಿದ ಹಣವನ್ನು ತೋಟಾಗಳಿಗೆ ಖರ್ಚು ಮಾಡುತ್ತೇನೆ. ಮೂರೂ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುವುದು ದೋಷವಲ್ಲ, ಆ ತೂಕವೇ ಹಿನ್ನೊದೆತವನ್ನು ನುಂಗುತ್ತದೆ.

ಇವುಗಳಲ್ಲಿ ಅಗ್ಗದ .38 ಸ್ಪೆಷಲ್ ತೋಟಾವನ್ನೂ ಹಾರಿಸಬಹುದು. ಅದು ಗಿಡ್ಡವಾದ್ದರಿಂದ ಕೋಣೆಯೊಳಗೆ ಮಸಿಯ ಬಳೆ ಕಟ್ಟಿ, ಮುಂದೆ .357 ತೋಟಾ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲವೂ ಬ್ರಷ್ ಹಾಕಿ.

ಡಲ್ಲಾಸಿನಿಂದ:
ಗ್ರೀನ್ ಕಾರ್ಡ್ ಜೊತೆಗೆ ಸದ್ಯದ ವಿಳಾಸವಿರುವ ಟೆಕ್ಸಸ್ ಗುರುತಿನ ಚೀಟಿಯನ್ನೂ ಒಯ್ಯಿರಿ. ಅಂಗಡಿಯಲ್ಲಿ 4473 ಎಂಬ ಸಂಖ್ಯೆಯ ಸರ್ಕಾರಿ ಅರ್ಜಿ ತುಂಬಿಸಿ ಹಿನ್ನೆಲೆ ಪರಿಶೀಲಿಸುತ್ತಾರೆ. ಎಚ್-1ಬಿ ವೀಸಾದಲ್ಲಿರುವ ಓದುಗರು ಇದನ್ನು ತಮಗೂ ಅನ್ವಯಿಸಿಕೊಳ್ಳಬಾರದು. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಅವರಿಗೆ ಕೊಳ್ಳುವುದೂ ಇಟ್ಟುಕೊಳ್ಳುವುದೂ ನಿಷಿದ್ಧ.

ಸಕಲೇಶಪುರದವನು, ಹೂಸ್ಟನ್:
ಮೂವರಿಗೂ ಕೃತಜ್ಞತೆಗಳು. ನಿನ್ನೆ ಫೀಲರ್ ಗೇಜ್ ಹಿಡಿದೇ ಹೋಗಿದ್ದೆ. ಮಾರುವವರು ಮೊದಲು ನಕ್ಕರು, ಬಳಿಕ ತಾವೇ ದೀಪ ಹಿಡಿದು ನಿಂತರು. ಹೊಳಪು ನೋಡಿ ಮೆಚ್ಚಿದ್ದ ಒಂದು ರಿವಾಲ್ವರಿನ ನಾಲ್ಕನೆಯ ಕೋಣೆ ಹ್ಯಾಮರ್ ನಿಂತ ಮೇಲೂ ಬೀಗವಾಗಲಿಲ್ಲ, ಹಾಗಾಗಿ ಅದನ್ನು ಮರಳಿಸಿದೆ. ಆರೂ ಕೋಣೆಗಳು ಸರಿಯಾಗಿ ಕೂತ, 0.005 ಅಂಗುಲದ ಸಂದಿದ್ದ ಜಿಪಿ100 ಒಂದನ್ನು ಮುಂಗಡ ಕೊಟ್ಟು ಕಾದಿರಿಸಿದ್ದೇನೆ. ಮುಂದಿನ ಶನಿವಾರ ತರುವಾಗ ಬೀಗವಿರುವ ಕಬ್ಬಿಣದ ಪೆಟ್ಟಿಗೆಯೂ ಜೊತೆಗೇ ಬರಬೇಕೆಂಬುದು ಮನೆಯವರ ಷರತ್ತು.